ಕ್ಲಾಸಿಗೆ ಟೆಕ್ನಾಲಜಿ ತರೋ ಮುಂಚೆ, ತಂದ ಮೇಲೆ: ಮುಂಬಯಿ ಕನ್ನಡ ಟೀಚರ್‌ಗಳಿಗೆ ಒಂದು ದಾರಿ

ವಿದ್ಯುತ್ ಪಾಠ ಶುರು ಮಾಡುವಾಗ ನಾನು ಪ್ರತಿ ವರ್ಷ ಬೋರ್ಡ್ ಮೇಲೆ ಒಂದು ಬ್ಯಾಟರಿ, ಒಂದೇ ನಮೂನೆಯ ಎರಡು ಬಲ್ಬ್, ಸರಣಿ ಜೋಡಣೆ, ಅಂದ್ರೆ ಒಂದರ ಹಿಂದೆ ಒಂದು, ಬರೆದು ಒಂದೇ ಪ್ರಶ್ನೆ ಕೇಳ್ತೇನೆ, ಯಾವ ಬಲ್ಬ್ ಜಾಸ್ತಿ ಉರೀತದೆ ಅಂತ. ಅರ್ಧಕ್ಕಿಂತ ಜಾಸ್ತಿ ಕೈ ಮೊದಲನೇ ಬಲ್ಬಿಗೆ ಏಳ್ತವೆ. ಒಂದ್ಸಲ ಕಲಬುರ್ಗಿ ಕಡೆಯಿಂದ ಬಂದ ಹುಡುಗಿ ಎದ್ದು ನಿಂತು ಹೇಳಿದ್ಲು, "ಟೀಚರ್, ನಮ್ಮ ಚಾಳದಾಗ ನಳದ ನೀರು ಮೊದಲನೇ ಖೋಲಿಯವ್ರೇ ತುಂಬ್ಕೊಂಡ ಬಿಡ್ತಾರ್ರೀ, ಕಡೀ ಖೋಲಿಗೆ ಹನಿ ಹನಿ. ಕರೆಂಟೂ ಹಂಗ ಅಲ್ರೀ?" ಅಂತ. ಎಷ್ಟು ಸರಿಯಾಗಿ ಯೋಚನೆ ಮಾಡಿದ್ದಾಳೆ ನೋಡಿ. ಉತ್ತರ ತಪ್ಪು, ಎರಡೂ ಸಮ ಉರೀತವೆ, ಆದ್ರೆ ಅದರ ಹಿಂದೆ ದಿನಾ ಬೆಳಿಗ್ಗೆ ಐದು ಗಂಟೆಗೆ ಕೊಡ ಹಿಡ್ಕೊಂಡು ನಿಂತ ಅನುಭವ ಉಂಟು.

ಅದಕ್ಕಿಂತ ಹಿಂದಿನ ವರ್ಷ ಇದೇ ಪಾಠಕ್ಕೆ ನಾನು ಪ್ರೊಜೆಕ್ಟರ್ ಹಾಕಿ ಒಂದು ಚಂದದ ಅನಿಮೇಶನ್ ವಿಡಿಯೋ ತೋರಿಸಿದ್ದೆ. ಹನ್ನೆರಡು ನಿಮಿಷ ಮಕ್ಕಳು ಉಸಿರು ಬಿಡದ ಹಾಗೆ ಕೂತು ನೋಡಿದ್ರು, ನನಗೂ ಖುಷಿ, ಹೆಡ್‌ಮಾಸ್ಟರಿಗೂ ಖುಷಿ. ಯೂನಿಟ್ ಟೆಸ್ಟ್‌ನಲ್ಲಿ ಅದೇ ಪ್ರಶ್ನೆ ಕೊಟ್ಟಾಗ ಮತ್ತೆ ಅದೇ ಉತ್ತರ, ಮೊದಲನೇ ಬಲ್ಬ್. ಮಕ್ಕಳ ತಲೆಯೊಳಗಿನ ನಳವನ್ನ ಆ ವಿಡಿಯೋ ಮುಟ್ಟಲೇ ಇಲ್ಲ, ಯಾಕಂದ್ರೆ ಅಲ್ಲೊಂದು ನಳ ಉಂಟು ಅಂತ ನಾನೂ ಕೇಳಿರಲಿಲ್ಲ, ವಿಡಿಯೋನೂ ಕೇಳಿರಲಿಲ್ಲ.

ಈ ಲೇಖನ ಅಲ್ಲಿಂದಲೇ ಹುಟ್ಟಿದ್ದು. ನಮ್ಮ ಮುಂಬಯಿಯ ಕನ್ನಡ ಶಾಲೆಗಳಿಗೆ, ಪಾಲಿಕೆ ಶಾಲೆ ಇರಲಿ, ಸಂಸ್ಥೆಗಳ ಶಾಲೆ ಇರಲಿ, ಹೋಟೆಲ್ ಕೆಲಸ ಮುಗಿಸಿ ಬರೋ ಹುಡುಗರ ರಾತ್ರಿ ಶಾಲೆ ಇರಲಿ, ಮಕ್ಕಳು ಕಮ್ಮಿ, ಟೀಚರುಗಳು ಇನ್ನೂ ಕಮ್ಮಿ, ಒಬ್ರೇ ಮೂರು ವಿಷಯ ನೋಡ್ಕೊಳ್ಳಬೇಕು. ಅಂಥಾದ್ರಲ್ಲಿ ತಯಾರಿಗೆ ಸಿಗೋ ಒಂದು ಗಂಟೆ ಸುಮ್ಮನೆ ಹಾಳಾಗಬಾರದು. ಬಿ.ಎಡ್.ನಲ್ಲಿ, ಟ್ರೇನಿಂಗ್‌ಗಳಲ್ಲಿ ಟಿಪ್ಯಾಕ್ (TPACK), ಸ್ಯಾಮರ್ (SAMR) ಅಂತ, ಟೆಕ್ನಾಲಜಿ ಇಟ್ಟು ಕಲಿಸೋದನ್ನ ಯೋಚಿಸೋ ಚೌಕಟ್ಟುಗಳ ಹೆಸರು ಕೇಳಿರ್ತೀರಿ, ಪರೀಕ್ಷೆಗೆ ಬರೆದು ಮರೆತೂ ಇರ್ತೀರಿ. ಅವನ್ನ ವ್ಯಾಖ್ಯೆಗಳಾಗಿ ನೋಡಬೇಡಿ, ಪಾಠ ಯೋಜನೆ ಮಾಡುವಾಗ ನಮಗೆ ನಾವೇ ಕೇಳ್ಕೊಳ್ಳೋ ಪ್ರಶ್ನೆಗಳಾಗಿ ಹಿಡ್ಕೊಂಡ್ರೆ ನಿಜವಾಗ್ಲೂ ಕೆಲಸಕ್ಕೆ ಬರ್ತವೆ. ಯಾವುದನ್ನ ಯಾವಾಗ ಕೇಳಬೇಕು ಅನ್ನೋದನ್ನ ಹೆಜ್ಜೆ ಹೆಜ್ಜೆಯಾಗಿ ಹೇಳ್ತೇನೆ.

ಹೆಜ್ಜೆ 1: ಮಕ್ಕಳು ಎಲ್ಲಿ ಸಿಕ್ಕಿ ಬೀಳ್ತಾರೆ ಅಂತ ಹುಡುಕಿ

ಆ್ಯಪ್ ಹುಡುಕಬೇಡಿ, ಯೂಟ್ಯೂಬ್ ತೆಗೀಬೇಡಿ. ಪಾಠದಲ್ಲಿ ಪ್ರತಿ ವರ್ಷ ಮಕ್ಕಳು ಎಡವೋ ಜಾಗ ಯಾವುದು ಅಂತ ಒಂದು ಹಾಳೆಯಲ್ಲಿ ಬರೀರಿ. ಒಂದೇ ಜಾಗ ಸಾಕು. ಹೊಸ ಪಾಠ ಆದ್ರೆ ಹಿಂದಿನ ದಿನ ಐದು ನಿಮಿಷ ಇಟ್ಕೊಂಡು ಒಂದು ಪ್ರಶ್ನೆ ಕೇಳಿ, ಉತ್ತರ ಜೊತೆ "ಯಾಕೆ" ಅನ್ನೋದನ್ನೂ ಚೀಟಿಯಲ್ಲಿ ಬರೆಸ್ಕೊಳ್ಳಿ, ಆ "ಯಾಕೆ" ಅನ್ನೋದರಲ್ಲೇ ನಿಮ್ಮ ಪಾಠ ಅಡಗಿರ್ತದೆ. ಭಿನ್ನರಾಶಿಯಲ್ಲಿ 1/8 ಅನ್ನೋದು 1/4ಕ್ಕಿಂತ ದೊಡ್ಡದು ಅಂತಾರೆ, ಎಂಟು ನಾಲ್ಕಕ್ಕಿಂತ ದೊಡ್ಡದಲ್ವಾ ಅಂತ. ಚಂದ್ರ ದಿನಾ ಬೆಳೆಯೋದು, ಕರಗೋದು ಭೂಮಿಯ ನೆರಳಿನಿಂದ ಅಂತ ತಪ್ಪು ತಿಳ್ಕೊಂಡಿರ್ತಾರೆ. ಇಂಥ ಜಾಗಕ್ಕೆ ಟೆಕ್ನಾಲಜಿ ತಂದ್ರೆ ಉಪಯೋಗ. ಮಕ್ಕಳಿಗೆ ಸುಲಭವಾಗಿ ಅರ್ಥ ಆಗೋ ಕಡೆ ಸ್ಲೈಡ್ ಮಾಡ್ತಾ ಕೂತ್ರೆ ನಿಮ್ಮ ಭಾನುವಾರ ಹೋಯ್ತು ಅಷ್ಟೇ.

ಹೆಜ್ಜೆ 2: ರೂಮಲ್ಲಿ ಏನುಂಟು ಅಂತ ಲೆಕ್ಕ ಹಾಕಿ

ಇದು ಬೇಗ ಮುಗಿಯೋ ಕೆಲಸ. ಪ್ರೊಜೆಕ್ಟರ್ ಉಂಟಾ, ಪರದೆ ಮಧ್ಯಾಹ್ನದ ಬಿಸಿಲಲ್ಲಿ ಕಾಣ್ತದಾ, ಸ್ಪೀಕರ್ ಕೊನೆ ಬೆಂಚಿಗೆ ಕೇಳ್ತದಾ, ರೈಲ್ವೆ ಲೈನ್ ಪಕ್ಕದ ಶಾಲೆಯಾದ್ರೆ ಇದು ಸಣ್ಣ ಮಾತಲ್ಲ. ನೆಟ್‌ವರ್ಕ್ ಇಲ್ಲ ಅಂತಲೇ ಲೆಕ್ಕ ಇಟ್ಕೊಳ್ಳಿ, ಇದ್ರೆ ಲಾಭ. ಬೇಕಾದ್ದೆಲ್ಲ ಹಿಂದಿನ ರಾತ್ರಿ ಡೌನ್‌ಲೋಡ್ ಮಾಡಿ ಇಟ್ಕೊಳ್ಳಬೇಕು. ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಪಾಠದ ಕಂಟೆಂಟ್ ಫೋನಿಗೆ ಇಳಿಸ್ಕೊಂಡು ಆಫ್‌ಲೈನ್ ನೋಡಬಹುದು, ಬಾಲಭಾರತಿ ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಅಲ್ಲಿಗೇ ಹೋಗ್ತದೆ. ಕೊಲೊರಾಡೋ ಯೂನಿವರ್ಸಿಟಿಯವರ ಫೆಟ್ (PhET) ಸಿಮ್ಯುಲೇಶನ್‌ಗಳನ್ನೂ, ಅಂದ್ರೆ ಸ್ಕ್ರೀನ್ ಮೇಲೆ ಮಾಡಿ ನೋಡೋ ಪ್ರಯೋಗಗಳನ್ನೂ, ಇಳಿಸಿ ನೆಟ್ ಇಲ್ಲದೆ ಓಡಿಸಬಹುದು, ಕೆಲವು ಕನ್ನಡದಲ್ಲೂ ಉಂಟು. ಗಣಿತದ ಜಿಯೋಜಿಬ್ರಾ ಕೂಡ ಹಾಗೇ, ಫ್ರೀ.

ಮನೇಲಿ ಫೋನ್ ಉಂಟಾ ಅಂತ ಮಕ್ಕಳ ಕೈ ಎತ್ತಿಸಿ ಕೇಳಬೇಡಿ. ಇಲ್ಲದವರ ಮುಖ ಸಣ್ಣದಾಗ್ತದೆ. ಚೀಟಿಯಲ್ಲಿ ಬರೆಸಿ, ಫೋನ್ ಯಾರ ಹತ್ರ ಇರ್ತದೆ, ಎಷ್ಟು ಹೊತ್ತಿಗೆ ಮನೆಗೆ ಬರ್ತದೆ ಅಂತಲೂ ಕೇಳಿ. ಸುಮಾರು ಮನೆಗಳಲ್ಲಿ ಒಂದೇ ಫೋನು, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಹತ್ತಕ್ಕೆ ವಾಪಸ್. ಆ ಮನೆಯ ಮಗುವಿಗೆ "ಸಂಜೆ ವಿಡಿಯೋ ನೋಡಿ ಬನ್ನಿ" ಅನ್ನೋ ಹೋಂವರ್ಕ್ ಕೊಟ್ರೆ ಅದು ಪಾಪದ ಮಗುವಿಗೆ ಶಿಕ್ಷೆ.

ಹೆಜ್ಜೆ 3: ಟಿಪ್ಯಾಕ್‌ನ ಮೂರು ಪ್ರಶ್ನೆ

1986ರಲ್ಲಿ ಲೀ ಶುಲ್ಮನ್ ಅನ್ನೋ ಅಮೆರಿಕದ ಶಿಕ್ಷಣ ತಜ್ಞರು ಒಂದು ಮಾತು ಹೇಳಿದ್ರು: ವಿಷಯ ಗೊತ್ತಿರೋದು ಬೇರೆ, ಕಲಿಸೋ ವಿಧಾನ ಗೊತ್ತಿರೋದು ಬೇರೆ, ಇವೆರಡೂ ಸೇರಿದ ಮೂರನೇ ಜ್ಞಾನ ಒಂದುಂಟು, ಈ ವಿಷಯವನ್ನ ಈ ಮಕ್ಕಳಿಗೆ ಹೇಗೆ ಕಲಿಸಬೇಕು ಅನ್ನೋದು, ಒಳ್ಳೆ ಟೀಚರ್ ಹತ್ರ ಇರೋದು ಅದು. 2006ರಲ್ಲಿ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ ಅದಕ್ಕೆ ಟೆಕ್ನಾಲಜಿ ಸೇರಿಸಿದ್ರು. ಚಿತ್ರದಲ್ಲಿ ವಿಷಯಕ್ಕೊಂದು ವೃತ್ತ, ವಿಧಾನಕ್ಕೊಂದು, ಟೆಕ್ನಾಲಜಿಗೊಂದು. ಮೂರೂ ಒಂದರ ಮೇಲೊಂದು ಬರೋ ನಡುವಿನ ಜಾಗವೇ ಟಿಪ್ಯಾಕ್. ಸುತ್ತ ಚುಕ್ಕೆ ಗೆರೆಯ ಒಂದು ದೊಡ್ಡ ವೃತ್ತ ಇರ್ತದೆ, ಸಂದರ್ಭ ಅಂತ, ಅಂದ್ರೆ ನಿಮ್ಮ ಶಾಲೆ, ನಿಮ್ಮ ಮಕ್ಕಳು, ನಿಮ್ಮ ಕರೆಂಟು. ಟ್ರೇನಿಂಗ್‌ನಲ್ಲಿ ಇದನ್ನ ಹಾರಿಸಿ ಬಿಡ್ತಾರೆ, ನನಗೆ ಕೇಳಿದ್ರೆ ಅದೇ ಮುಖ್ಯ.

ನಮ್ಮ ಬಲ್ಬ್ ಪಾಠಕ್ಕೆ ಈ ಪ್ರಶ್ನೆಗಳನ್ನ ಹಾಕಿ ನೋಡೋಣ.

ವಿಷಯ: ಸರಣಿ ಜೋಡಣೆಯಲ್ಲಿ ಕರೆಂಟ್ ಎಲ್ಲ ಕಡೆ ಒಂದೇ, ದಾರಿಯಲ್ಲಿ ಖರ್ಚಾಗೋದಿಲ್ಲ. ಇದು ಒಂದೇ ವಾಕ್ಯದಲ್ಲಿ ಬರೋ ಹಾಗಿರಬೇಕು, ಬರದಿದ್ರೆ ಪಾಠ ಇನ್ನೂ ನಮಗೇ ಸ್ಪಷ್ಟ ಆಗಿಲ್ಲ ಅಂತ.

ಕಲಿಸೋ ವಿಧಾನ: ಮಕ್ಕಳು ಮೊದಲು ಊಹೆ ಹೇಳಬೇಕು, ಆಮೇಲೆ ನೋಡಬೇಕು, ಆಮೇಲೆ ಊಹೆ ಯಾಕೆ ತಪ್ಪಿತು ಅಂತ ತಾವೇ ಮಾತಾಡಬೇಕು.

ಟೆಕ್ನಾಲಜಿ: ಇಲ್ಲಿ ಕಣ್ಣಿಗೆ ಕಾಣದ ಯಾವುದನ್ನ ಕಾಣಿಸಬೇಕು? ಬಲ್ಬ್ ಉರಿಯೋದು ಕಾಣ್ತದೆ, ಕರೆಂಟ್ ಕಾಣೋದಿಲ್ಲ. ಹಾಗಾಗಿ ನಿಜವಾದ ಬ್ಯಾಟರಿ, ಎರಡು ಟಾರ್ಚ್ ಬಲ್ಬ್, ವೈರ್ ಮೊದಲು ಮಕ್ಕಳ ಕೈಗೆ, ಎರಡೂ ಸಮ ಉರಿಯೋದು ಅವರೇ ನೋಡಲಿ. ಎರಡು ಬಲ್ಬೂ ಒಂದೇ ನಮೂನೆಯದ್ದಾ ಅಂತ ಮೊದಲೇ ನೋಡ್ಕೊಳ್ಳಿ, ಇಲ್ಲದಿದ್ರೆ ಒಂದು ಜಾಸ್ತಿ ಉರಿದು ಎಲ್ಲ ಗೊಂದಲ ಆಗ್ತದೆ. ಆಮೇಲೆ ಫೆಟ್‌ನ ಸರ್ಕ್ಯೂಟ್ ಸಿಮ್ಯುಲೇಶನ್. ಅಲ್ಲಿ ಎಲೆಕ್ಟ್ರಾನ್‌ಗಳು ವೈರಿನಲ್ಲಿ ಸರಿಯೋದು ಕಾಣ್ತದೆ, ಕರೆಂಟ್ ಅಳೆಯೋ ಅಮ್ಮೀಟರ್ ಎಲ್ಲಿ ಬೇಕಾದ್ರೂ ಇಡಬಹುದು.

9 ವೋಲ್ಟ್ ಬ್ಯಾಟರಿಗೆ 10 ಓಮ್‌ನ ಒಂದು ಬಲ್ಬ್ ಹಾಕಿದ್ರೆ 0.9 ಆಂಪಿಯರ್. ಇನ್ನೊಂದು ಬಲ್ಬ್ ಸರಣಿಯಲ್ಲಿ ಸೇರಿಸಿದ್ರೆ 0.45, ಮೊದಲ ಬಲ್ಬಿನ ಮುಂಚೆ, ಎರಡರ ನಡುವೆ, ಕೊನೆಗೆ, ಎಲ್ಲಿ ಇಟ್ರೂ 0.45. ಆ ಮೂರು ಜಾಗಕ್ಕೆ ಅಮ್ಮೀಟರ್ ಸರಿಸುವಾಗ ನಾನು ಮೌಸ್ ಮುಟ್ಟೋದಿಲ್ಲ, ಮಕ್ಕಳನ್ನೇ ಕರೀತೇನೆ, ಪ್ರತಿ ಸಲ ಸರಿಸೋ ಮುಂಚೆ ಇಡೀ ಕ್ಲಾಸ್ ನೋಟ್‌ಬುಕ್ಕಿನಲ್ಲಿ ಸಂಖ್ಯೆ ಊಹೆ ಮಾಡಿ ಬರೀಬೇಕು. ಆ ನಳದ ಹುಡುಗಿ ಮೂರನೇ ಸಲ 0.45 ಬಂದಾಗ ಸುಮ್ಮನಾಗಿ ಸ್ವಲ್ಪ ಹೊತ್ತು ನೋಡಿ, "ಹಂಗಾದ್ರ ಇದು ನಳ ಅಲ್ರೀ, ಸೈಕಲ್ ಚೈನ್ ಇದ್ದಂಗ, ಎಲ್ಲಾ ಕಡೀ ಒಮ್ಮೆಗೇ ತಿರಗ್ತದ" ಅಂದ್ಲು. ಚೈನಿನ ಹೋಲಿಕೆ ನಾನು ಹೇಳಿಕೊಟ್ಟಿರಲಿಲ್ಲ.

ಹೆಜ್ಜೆ 4: ಮಗು ಏನು ಮಾಡ್ತಾ ಉಂಟು? ಪಿಕ್‌ರ್ಯಾಟ್ ಚೌಕ

ಇಲ್ಲಿ ಸ್ಯಾಮರ್ ಬಗ್ಗೆ ಒಂದು ಮಾತು, ಯಾಕಂದ್ರೆ ಟ್ರೇನಿಂಗ್‌ಗಳಲ್ಲಿ ಅದೇ ಜಾಸ್ತಿ ಓಡ್ತದೆ. ರೂಬೆನ್ ಪುಯೆಂಟೆಡುರಾ ಅನ್ನೋರು ಕೊಟ್ಟದ್ದು, ನಾಲ್ಕು ಮೆಟ್ಟಿಲು: ಹಳೇದರ ಬದಲಿಗೆ ಹೊಸ ಸಾಧನ, ಬದಲಿ ಜೊತೆ ಸ್ವಲ್ಪ ಅನುಕೂಲ, ಚಟುವಟಿಕೆಯೇ ಬದಲಾಗೋದು, ಮೊದಲು ಸಾಧ್ಯವೇ ಇಲ್ಲದ್ದನ್ನ ಮಾಡೋದು. ಅರ್ಥ ಮಾಡ್ಕೊಳ್ಳೋಕೆ ಸುಲಭ. ಆದ್ರೆ ಮೆಟ್ಟಿಲು ಅಂದ ಕೂಡಲೇ ಮೇಲೆ ಹತ್ತಿದವರೇ ಒಳ್ಳೆ ಟೀಚರ್ ಅನ್ನೋ ಭಾವನೆ ಬರ್ತದೆ, ಸಂದರ್ಭಕ್ಕೆ ಅದರಲ್ಲಿ ಜಾಗ ಇಲ್ಲ ಅಂತ 2016ರಲ್ಲಿ ಸಂಶೋಧಕರು ಟೀಕೆ ಮಾಡಿದ್ದೂ ಉಂಟು, ಆ ಟೀಕೆ ನನಗೆ ಸರಿ ಅನ್ನಿಸ್ತದೆ. ಕಣ್ಣು ಸರಿ ಕಾಣದ ಮಗುವಿಗೆ ಪುಸ್ತಕದ ಪುಟವನ್ನ ಫೋನಲ್ಲಿ ದೊಡ್ಡದು ಮಾಡಿ ತೋರಿಸೋದು ಸ್ಯಾಮರ್ ಲೆಕ್ಕದಲ್ಲಿ ಕೆಳಗಿನ ಮೆಟ್ಟಿಲು, ಆದ್ರೆ ಆ ಮಗುವಿಗೆ ಅವತ್ತಿನ ಪಾಠ ಪೂರ್ತಿ ಅದೇ.

ನಾನು ಯೋಜನೆಗೆ ಪಿಕ್‌ರ್ಯಾಟ್ ಬಳಸ್ತೇನೆ. ರಾಯ್ಸ್ ಕಿಮ್ಮನ್ಸ್, ಚಾರ್ಲ್ಸ್ ಗ್ರಹಾಂ, ರಿಚರ್ಡ್ ವೆಸ್ಟ್ 2020ರಲ್ಲಿ ಬರೆದದ್ದು. ಒಂದು ಚೌಕ ಎಳೀರಿ, ಮೂರು ಅಡ್ಡ ಸಾಲು ಮೂರು ಕಂಬ, ಒಂಬತ್ತು ಮನೆ. ಒಂದು ಕಡೆ ಮಗುವಿನ ಪ್ರಶ್ನೆ: ಸುಮ್ಮನೆ ನೋಡ್ತಾ ಉಂಟಾ, ಸಾಧನದ ಜೊತೆ ಒಡನಾಡ್ತಾ ಉಂಟಾ, ತಾನೇ ಏನಾದ್ರೂ ಮಾಡ್ತಾ ಉಂಟಾ? ಇನ್ನೊಂದು ಕಡೆ ಟೀಚರ್ ಪ್ರಶ್ನೆ: ನನ್ನ ಹಳೇ ಪದ್ಧತಿಯ ಬದಲಿಗೆ ಬಂತಾ, ಅದನ್ನ ಹೆಚ್ಚಿಸ್ತಾ, ಪೂರ್ತಿ ಬೇರೆ ಮಾಡ್ತಾ? ನನ್ನ ಹಳೇ ವಿಡಿಯೋ ಪಾಠ ಹಾಕಿ ನೋಡಿ, "ಸುಮ್ಮನೆ ನೋಡೋದು" ಮತ್ತು "ಬದಲಿ" ಸೇರೋ ಮೂಲೆಗೆ ಬೀಳ್ತದೆ. ಅಮ್ಮೀಟರ್ ಸರಿಸೋ ಪಾಠ "ಒಡನಾಟ" ಮತ್ತು "ಹೆಚ್ಚಿಸು". ಎಲ್ಲ ಪಾಠವೂ ತುದಿಯ ಮನೆಗೇ ಹೋಗಬೇಕು ಅಂತಿಲ್ಲ, ಆದ್ರೆ ಒಂದು ತಿಂಗಳ ಪಾಠಗಳನ್ನ ಚೌಕದಲ್ಲಿ ಚುಕ್ಕೆ ಹಾಕಿ, ಎಲ್ಲ ಚುಕ್ಕೆ ಒಂದೇ ಮೂಲೆಯಲ್ಲಿ ಗುಂಪು ಕಟ್ಟಿದ್ರೆ ಒಂದನ್ನಾದ್ರೂ ಸರಿಸಿ.

"ಮಗು ತಾನೇ ಮಾಡೋ" ಮನೆಗೆ ಮುಂಬಯಿ ಮಕ್ಕಳಿಗೆ ಸಮುದ್ರಕ್ಕಿಂತ ಒಳ್ಳೆ ಪಾಠ ಇಲ್ಲ. ಪುಸ್ತಕದಲ್ಲಿ ಉಬ್ಬರ ಇಳಿತ ಅಂತ ಓದಿದ್ರೆ ಮಕ್ಕಳ ಮುಖ ಖಾಲಿ, ಮರಾಠಿಯಲ್ಲಿ "ಭರತಿ ಓಹೋಟಿ" ಅಂದ್ರೆ ಕೂಡಲೇ ಹತ್ತು ಕಥೆ ಬರ್ತವೆ, ಭರತಿ ಬಂದಾಗ ಮಳೆ ಬಿದ್ರೆ ನಮ್ಮ ಗಲ್ಲಿಯ ನೀರು ಇಳಿಯೋದೇ ಇಲ್ಲ ಅಂತ. ಎರಡೂ ಪದ ಬೋರ್ಡ್ ಮೇಲೆ ಪಕ್ಕ ಪಕ್ಕ ಬರೀರಿ. 26 ಜುಲೈ 2005ರ ಸುದ್ದಿ ಅವರ ಮನೆಯಲ್ಲೇ ಯಾರಾದ್ರೂ ಹೇಳ್ತಾರೆ, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ, ಅದರ ಜೊತೆಗೆ ಭರತಿ.

ಚಟುವಟಿಕೆ ಹೀಗೆ. ಮಳೆಗಾಲ ಮುಗಿದ ಮೇಲೆ ಮಾಡಿ, ಮಳೆಗಾಲದಲ್ಲಿ ಮಕ್ಕಳನ್ನ ನೀರಿನ ಹತ್ರ ಕಳಿಸೋ ಮಾತೇ ಬೇಡ. ನಾಲ್ಕು ನಾಲ್ಕು ಜನರ ಗುಂಪು, ಒಂದು ಗುಂಪಿಗೆ ಒಂದು ಫೋನ್, ಅದೂ ದೊಡ್ಡವರ ಜೊತೆ ಹೋದಾಗ. ಮಾಹಿಮ್ ಕಡೆಯವರು, ದಾದರ್ ಚೌಪಾಟಿ ಕಡೆಯವರು ತಮ್ಮ ಹತ್ರದ ಒಂದೇ ಜಾಗ ಆರಿಸಿ, ದೂರದಿಂದ, ಅದೇ ಕೋನದಿಂದ ಫೋಟೋ ತೆಗೀಬೇಕು, ತಾರೀಕು ಮತ್ತು ಟೈಮ್ ಬರೀಬೇಕು, ನೀರಿನ ಮೇಲೆ ದಡದ ಎಷ್ಟು ಮೆಟ್ಟಿಲು ಕಾಣ್ತದೆ ಎಣಿಸಬೇಕು. ಹೋಗೋಕೆ ಆಗದವರು ಪೇಪರಿನಲ್ಲಿ ದಿನಾ ಬರೋ ಭರತಿ ಟೈಮು ಮತ್ತು ಎತ್ತರ ಬರ್ಕೊಳ್ಳಲಿ, ಅದೂ ಅಷ್ಟೇ ಮುಖ್ಯ ಕೆಲಸ. ಮೂರು ವಾರ ಆದ ಮೇಲೆ ಎಲ್ಲ ಸೇರಿಸಿ ಗೂಗಲ್ ಶೀಟ್ಸ್‌ನಲ್ಲಿ ಗ್ರಾಫ್ ಹಾಕಿಸಿ.

ಗ್ರಾಫ್ ಎದ್ದು ಬರೋ ಆ ಗಳಿಗೆ ನೋಡಬೇಕು. ಭರತಿ ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗೋದು ಅವರೇ ಕಂಡು ಹಿಡೀತಾರೆ. ದಿನಕ್ಕೆ ಎರಡು ಸಲ, ನಡುವೆ ಹನ್ನೆರಡು ಗಂಟೆ 25 ನಿಮಿಷ. ಆಮೇಲೆ ಮನೆಯ ಗೋಡೆಯ ಕಾಲನಿರ್ಣಯ ತರಿಸಿ, ಅಮಾವಾಸ್ಯೆ ಹುಣ್ಣಿಮೆ ದಿನಗಳನ್ನ ಗ್ರಾಫ್ ಮೇಲೆ ಗುರುತು ಹಾಕಿಸಿ. ಈ ಕೆಲಸಕ್ಕೆ ಬೇರೆ ಆ್ಯಪ್ ಬೇಡ, ಪ್ರತಿ ಮನೆಯಲ್ಲೂ ಮೊಳೆಗೆ ನೇತಾಡ್ತಾ ಇರೋ ಕ್ಯಾಲೆಂಡರೇ ಸಾಕು, ಅಜ್ಜಿಗೂ ಪಾಠದಲ್ಲಿ ಪಾಲು ಸಿಗ್ತದೆ. ಆಗ ಒಂದು ಪ್ರಶ್ನೆ ಬರ್ತದೆ: ಟೀಚರ್, ಪುಸ್ತಕದಲ್ಲಿ ಹುಣ್ಣಿಮೆ ದಿನ ದೊಡ್ಡ ಭರತಿ ಅಂತ ಉಂಟು, ನಮ್ಮ ಗ್ರಾಫಲ್ಲಿ ಅದು ಒಂದೆರಡು ದಿನ ಆದಮೇಲೆ ಬಂದಿದೆ, ನಾವು ತಪ್ಪು ಬರ್ಕೊಂಡ್ವಾ? ಇಲ್ಲ, ಅವರು ಸರಿಯಾಗೇ ಬರ್ಕೊಂಡಿದ್ದಾರೆ. ಅಷ್ಟು ದೊಡ್ಡ ನೀರು ಚಂದ್ರನ ಎಳೆತಕ್ಕೆ ಕೂಡಲೇ ಓಗೊಡೋದಿಲ್ಲ, ಸ್ವಲ್ಪ ಹಿಂದೆ ಬೀಳ್ತದೆ. ಪುಸ್ತಕ ಸರಳ ಮಾಡಿ ಹೇಳಿದ್ದನ್ನ ಆ ಮಕ್ಕಳು ತಮ್ಮ ಕೈಯಾರೆ ಮಾಡಿದ ಲೆಕ್ಕದಿಂದ ಪ್ರಶ್ನೆ ಮಾಡಿದ್ರು, ಪಿಕ್‌ರ್ಯಾಟ್‌ನ ಕೊನೇ ಮನೆ ಅಂದ್ರೆ ಇದೇ.

ಹೆಜ್ಜೆ 5: ನಿಮಿಷ ನಿಮಿಷದ ಪ್ಲಾನು

ಒಂದು ಪಿರಿಯಡ್ 35 ನಿಮಿಷ ಅಂತ ಇಟ್ಕೊಳ್ಳಿ, ಕನೆಕ್ಟ್ ಮಾಡೋಕೆ ಐದು ಹೋಗ್ತದೆ. ಆ ಐದು ನಿಮಿಷ ಮಕ್ಕಳು ಏನು ಮಾಡ್ತಾರೆ ಅಂತ ಬರೆದಿಡಿ, ಅದೇ ಹೊತ್ತಲ್ಲಿ ಊಹೆ ಬರೆಸಿದ್ರೆ ಕೆಲಸವೂ ಆಯ್ತು ಗಲಾಟೆಯೂ ಇಲ್ಲ. ವಿಡಿಯೋ ತೋರಿಸೋದೇ ಆದ್ರೆ ಮೂರು ನಾಲ್ಕು ನಿಮಿಷಕ್ಕೊಮ್ಮೆ ನಿಲ್ಲಿಸಿ ಪ್ರಶ್ನೆ ಕೇಳಿ, ಮಕ್ಕಳು ಬರೆದ ಮೇಲೇ ಮುಂದೆ ಓಡಿಸಿ. ನಮ್ಮ ಪವಾಯಿಯ ಐಐಟಿ ಬಾಂಬೆಯವರು ಟೀಚರುಗಳ ಆನ್‌ಲೈನ್ ಕೋರ್ಸ್‌ಗಳಲ್ಲಿ ವಿಡಿಯೋಗಳನ್ನ ಹೀಗೇ, ನಡುವೆ ನಿಲ್ಲಿಸಿ ಯೋಚಿಸೋ ಜಾಗ ಇಟ್ಟು ಮಾಡಿದ್ರು. ಎಲ್ಲಿ ನಿಲ್ಲಿಸಬೇಕು ಅನ್ನೋ ಟೈಮ್ ಚೀಟಿಯಲ್ಲಿ ಬರ್ಕೊಂಡು ಹೋಗಿ, ಅಲ್ಲಿ ನಿಂತು ಹುಡುಕೋಕೆ ಆಗೋದಿಲ್ಲ.

ಕಂಪ್ಯೂಟರ್ ಕಮ್ಮಿ ಅಂತ ಬೇಜಾರು ಬೇಡ. ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಅಮೆರಿಕದ ಎಂಐಟಿ, ಟಾಟಾ ಟ್ರಸ್ಟ್ಸ್ ಸೇರಿ ನಡೆಸಿದ ಕ್ಲಿಕ್ಸ್ ಯೋಜನೆಯಲ್ಲಿ ಮಕ್ಕಳು ಒಂದೇ ಕಂಪ್ಯೂಟರ್ ಮುಂದೆ ಜೊತೆಯಾಗಿ ಕೂತು ಮಾತಾಡ್ತಾ ಕಲಿಯೋ ಹಾಗೆ ಪಾಠ ರಚಿಸಿದ್ರು. ಇಬ್ಬರು ಕೂತಾಗ ಮಾತು ಬರ್ತದೆ, ಒಬ್ಬನೇ ಕೂತ್ರೆ ಕ್ಲಿಕ್ ಮಾತ್ರ ಬರ್ತದೆ. ಮೌಸ್ ಹಿಡಿದವ ಸುಮ್ಮನಿರಬೇಕು, ಪಕ್ಕದವ ಹೇಳಿದ್ದನ್ನೇ ಮಾಡಬೇಕು, ಐದು ನಿಮಿಷಕ್ಕೆ ಅದಲು ಬದಲು. ಹುಡುಗರೇ ಮೌಸ್ ಹಿಡ್ಕೊಂಡು ಕೂತು ಹುಡುಗಿಯರು ನೋಡ್ತಾ ಇರೋದು ಈ ಒಂದು ನಿಯಮದಿಂದ ನಿಲ್ತದೆ.

ಕರೆಂಟ್ ಹೋದ್ರೆ ಏನು ಅನ್ನೋದನ್ನೂ ಪ್ಲಾನಿನಲ್ಲೇ ಬರೀರಿ, ಒಂದೇ ಸಾಲು ಸಾಕು.

ಮಕ್ಕಳ ಫೋಟೋ, ಹೆಸರು, ಫೋನ್ ನಂಬರ್ ವಿಷಯದಲ್ಲಿ ಜಾಗ್ರತೆ. 2023ರ ಡೇಟಾ ರಕ್ಷಣೆ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು. ಮಕ್ಕಳ ಹೆಸರಲ್ಲಿ ಲಾಗಿನ್ ಕೇಳೋ ಆ್ಯಪ್‌ಗಳನ್ನ ಆದಷ್ಟು ಬಿಡಿ, ಚಟುವಟಿಕೆಯಲ್ಲಿ ಸಮುದ್ರದ ಫೋಟೋ ಬೇಕು, ಮಕ್ಕಳ ಮುಖ ಬೇಡ.

ಹೆಜ್ಜೆ 6: ಪಾಠ ಮುಗಿದ ಮೇಲೆ ಟ್ರಿಪಲ್ ಇ

ಎಂಗೇಜ್, ಎನ್‌ಹಾನ್ಸ್, ಎಕ್ಸ್‌ಟೆಂಡ್, ಈ ಮೂರು ಇ. ಮಿಶಿಗನ್ ಯೂನಿವರ್ಸಿಟಿಯ ಲಿಜ್ ಕೋಲ್ಬ್ 2011ರಲ್ಲಿ ಕೊಟ್ಟದ್ದು. ಪಾಠದ ಗುರಿಯನ್ನ ಮುಂದೆ ಇಟ್ಕೊಂಡು ಮೂರು ಕೇಳಬೇಕು. ಮಕ್ಕಳ ಗಮನ ಗುರಿಯ ಮೇಲಿತ್ತಾ, ಬರೀ ಸ್ಕ್ರೀನ್ ಮೇಲಿತ್ತಾ? ಇದಿಲ್ಲದೆ ಅರ್ಥ ಆಗದ್ದು ಇದರಿಂದ ಅರ್ಥ ಆಯ್ತಾ? ಕಲಿತದ್ದು ಕ್ಲಾಸಿನ ಆಚೆ, ಮನೆಗೆ, ಬೀದಿಗೆ ಹೋಯ್ತಾ? ಮೊದಲನೇ ಪ್ರಶ್ನೆಯಲ್ಲೇ ನನ್ನ ಆ ವಿಡಿಯೋ ಬಿದ್ದು ಹೋಯ್ತು, ಉಸಿರು ಬಿಡದೆ ನೋಡಿದ್ದನ್ನ ನಾನು ಕಲಿತದ್ದು ಅಂತ ತಿಳ್ಕೊಂಡಿದ್ದೆ.

ಉತ್ತರ ನಿಮ್ಮ ಅಂದಾಜಿಗೆ ಬಿಡಬೇಡಿ. ಹೆಜ್ಜೆ ಒಂದರಲ್ಲಿ ಕೇಳಿದ ಅದೇ ಪ್ರಶ್ನೆಯನ್ನ ಸ್ವಲ್ಪ ಬದಲಿಸಿ ಎರಡು ವಾರ ಬಿಟ್ಟು ಕೇಳಿ, ಮರುದಿನ ಕೇಳಿದ್ರೆ ನೆನಪು ಮಾತ್ರ ತಿಳೀತದೆ. ಎರಡು ಬಲ್ಬಿನ ಬದಲು ಮೂರು ಬಲ್ಬ್ ಕೊಡಿ, ಮತ್ತೆ "ಯಾಕೆ" ಬರೆಸಿ. ಹಳೇ ಚೀಟಿ, ಹೊಸ ಚೀಟಿ ಪಕ್ಕ ಪಕ್ಕ ಇಟ್ಟು ಓದಿ. ಉತ್ತರ ಸರಿ ಇದ್ದು "ಯಾಕೆ" ಇನ್ನೂ ನಳದ್ದೇ ಆಗಿದ್ರೆ ಕೆಲಸ ಬಾಕಿ ಉಂಟು ಅಂತ ಅರ್ಥ, ಆ ಮಕ್ಕಳನ್ನ ಮತ್ತೆ ನಿಜವಾದ ಬಲ್ಬಿನ ಹತ್ರವೇ ಕರ್ಕೊಂಡು ಬನ್ನಿ, ಸಿಮ್ಯುಲೇಶನ್ನಿಗಲ್ಲ.

ಈ ಎಲ್ಲ ಹೆಜ್ಜೆಗೆ ನಾನು ಇಟ್ಕೊಂಡಿರೋದು ಒಂದು ಇನ್ನೂರು ಪುಟದ ನೋಟ್‌ಬುಕ್ ಅಷ್ಟೇ. ಎಡಗಡೆ ಪುಟದಲ್ಲಿ ಸಿಕ್ಕಿ ಬೀಳೋ ಜಾಗ, ಮೂರು ಪ್ರಶ್ನೆ, ಚೌಕದಲ್ಲಿ ಚುಕ್ಕೆ. ಬಲಗಡೆ ಪುಟ ಪಾಠ ಆದಮೇಲೆ ತುಂಬಿಸೋದಕ್ಕೆ, ಮಕ್ಕಳ ಚೀಟಿಗಳನ್ನ ಅಲ್ಲೇ ಅಂಟಿಸ್ತೇನೆ. ವರ್ಷಕ್ಕೆ ನಾಲ್ಕು ಪಾಠ ಹೀಗೆ ಮಾಡಿದ್ರೂ ಸಾಕು, ಪಕ್ಕದ ಶಾಲೆಯ ಟೀಚರ್ ಇನ್ನು ನಾಲ್ಕು ಮಾಡಿದ್ರೆ ಎರಡೂ ನೋಟ್‌ಬುಕ್ ಅದಲು ಬದಲು ಮಾಡ್ಕೊಳ್ಳಬಹುದು. ನಮ್ಮ ಕನ್ನಡ ಮಾಧ್ಯಮಕ್ಕೆ ರೆಡಿಮೇಡ್ ಸಾಮಗ್ರಿ ಕಮ್ಮಿ, ಮುಂಬಯಿ ಮಗುವಿನ ನಳ, ಭರತಿ, ಚಾಳು ಇರೋ ಸಾಮಗ್ರಿ ಅಂತೂ ನಾವು ಬರೆದ್ರೆ ಮಾತ್ರ ಹುಟ್ಟೋದು. ಮುಂದಿನ ವಾರ ಯಾವ ಪಾಠ ಬರ್ತದೆ ನೋಡಿ, ಇವತ್ತೇ ಆ ಒಂದು ಪ್ರಶ್ನೆ ಚೀಟಿಯಲ್ಲಿ ಬರೆಸಿ ತನ್ನಿ.